ಬಿದಿರಲ್ಲದ ಬಿದಿರು

ಈ ಸಂಚಿಕೆಗೆ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಕವಿತೆಗಳೇ ಆಗಿವೆಯಂತೆ. "ನೀನಾದರೂ ಗದ್ಯದಲ್ಲಿ ಏನಾದರೂ ಕೊಡು ಮಾರಾಯ, ಸಸ್ಯಶಾಸ್ತ್ರ ಓದುವವನಲ್ಲವಾ" ಎಂದು ಸಂಪಾದಕ ಮಿತ್ರರು ಗಂಟು ಬಿದ್ದರು. ಕನ್ನಡ ಸಂಘದ ಪತ್ರಿಕೆಯಲ್ಲಿ ಗಿಡದ ಮಾತು ಯಾಕೆ ಎಂದು ಕೆಲವರಿಗೆ ಅನಿಸೀತು. ಆದರೆ ನಮ್ಮ ಘಾಟ್ಕೋಪರಿನ ಕನ್ನಡಿಗರ ಮನೆಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಪಂತನಗರವಾಗಲಿ, ಅಸಲ್ಫಾ ಆಗಲಿ, ಭಟವಾಡಿಯಾಗಲಿ, ಅಂಗಳ ಎನ್ನುವುದು ಊರಿನ ನೆನಪಿನಲ್ಲಿ ಮಾತ್ರ ಉಂಟು. ಒಂದು ಖೋಲಿ, ಒಂದು ಅಡುಗೆಮನೆ, ಕಂಬಿ ಹಾಕಿದ ಒಂದು ಕಿಟಕಿ. ಆ ಕಿಟಕಿಯ ಪಕ್ಕದಲ್ಲೋ ಫ್ರಿಜ್ಜಿನ ಮೇಲೋ ಒಂದು ಗಾಜಿನ ಲೋಟ, ಅದರಲ್ಲಿ ಕೆಂಪು ದಾರ ಕಟ್ಟಿದ ಮೂರು ಹಸಿರು ಕೋಲು. ಅದೇ ಲಕ್ಕಿ ಬ್ಯಾಂಬೂ, ಅದೃಷ್ಟದ ಬಿದಿರು. ಮದುವೆಯ ಉಡುಗೊರೆಯಾಗಿ, ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ, ದೀಪಾವಳಿಗೆ ಅದು ಮನೆಯಿಂದ ಮನೆಗೆ ಓಡಾಡುತ್ತಾ ಇರುತ್ತದೆ. ಇಷ್ಟು ಹತ್ತಿರದ ಗಿಡದ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಅದನ್ನು ಹೇಗೆ ಸಾಕಬೇಕು, ಒಂದನ್ನು ನಾಲ್ಕು ಮಾಡುವುದು ಹೇಗೆ, ಅದರ ಲೋಟದ ನೀರಿನ ಬಗ್ಗೆ ಯಾಕೆ ಎಚ್ಚರ ಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಹೆಸರಿನ ಮೋಸ

ಮೊದಲು ಹೆಸರನ್ನೇ ನೋಡೋಣ. ಇದು ಬಿದಿರೇ ಅಲ್ಲ. ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಭತ್ತ, ಕಬ್ಬು, ರಾಗಿ ಇವಕ್ಕೆಲ್ಲ ಅದು ದೊಡ್ಡಣ್ಣ. ನಮ್ಮ ಲೋಟದ ಗಿಡದ ಶಾಸ್ತ್ರೀಯ ಹೆಸರು ಡ್ರಸೀನಾ ಸ್ಯಾಂಡೇರಿಯಾನಾ. ಅದು ಶತಾವರಿಯ ಕುಟುಂಬಕ್ಕೆ ಸೇರಿದ್ದು, ಅದರ ತವರು ಆಫ್ರಿಕಾ ಖಂಡದ ಪಶ್ಚಿಮ-ಮಧ್ಯ ಭಾಗದ ಕಾಡು, ಕ್ಯಾಮರೂನಿನ ಸುತ್ತಮುತ್ತ. ಅಲ್ಲಿ ಅದು ದೊಡ್ಡ ಮರಗಳ ನೆರಳಿನಲ್ಲಿ, ಥಂಡಿ ಮಣ್ಣಿನಲ್ಲಿ ಬೆಳೆಯುವ ಗಿಡ. ಸ್ಯಾಂಡೇರಿಯಾನಾ ಎಂಬ ಹೆಸರು ಫ್ರೆಡರಿಕ್ ಸ್ಯಾಂಡರ್ (1847-1920) ಎಂಬಾತನಿಂದ ಬಂತು. ಆತ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನರ್ಸರಿ ನಡೆಸಿದವನು, ಆರ್ಕಿಡ್ ಹೂಗಳ ವ್ಯಾಪಾರದಲ್ಲಿ ಆ ಕಾಲಕ್ಕೆ ದೊಡ್ಡ ಹೆಸರು. ಹೀಗೆ ಗಿಡ ಆಫ್ರಿಕಾದ್ದು, ಹೆಸರು ಯುರೋಪಿನದು, ಅದೃಷ್ಟದ ನಂಬಿಕೆ ಚೀನಾದ್ದು. ಇಂದು ಲೋಕದ ಮಾರುಕಟ್ಟೆಗೆ ಬರುವ ಕೋಲುಗಳಲ್ಲಿ ಹೆಚ್ಚಿನವು ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಬೆಳೆದವು. ನಮ್ಮ ಕಿಟಕಿಗೆ ಬರುವ ಹೊತ್ತಿಗೆ ಅದು ಅರ್ಧ ಲೋಕ ಸುತ್ತಿ ಬಂದಿರುತ್ತದೆ.

ಬಿದಿರಿನಂತೆ ಕಾಣುವುದಕ್ಕೆ ಕಾರಣ ಅದರ ಗೆಣ್ಣುಗಳು. ನಿಜವಾದ ಬಿದಿರನ್ನು ಸೀಳಿದರೆ ಒಳಗೆ ಟೊಳ್ಳು, ಗೆಣ್ಣು ಗೆಣ್ಣಿಗೆ ಒಂದೊಂದು ಅಡ್ಡ ತೆರೆ. ಆ ಟೊಳ್ಳಿನಿಂದಲೇ ಕೊಳಲು ಸಾಧ್ಯವಾಯಿತು. ಲಕ್ಕಿ ಬ್ಯಾಂಬೂವನ್ನು ಅಡ್ಡ ಕೊಯ್ದರೆ ಒಳಗೆ ಗಟ್ಟಿ ತಿರುಳು. ಅದರ ಉಂಗುರಗಳು ಹಿಂದೆ ಎಲೆ ಇದ್ದು ಉದುರಿಹೋದ ಜಾಗದ ಗುರುತು. ನಮ್ಮ ಕಡೆಯ ಹೆಬ್ಬಿದಿರು ಸುಮಾರು 40 ವರ್ಷಕ್ಕೊಮ್ಮೆ ಹಿಂಡಿಗೆ ಹಿಂಡೇ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಸತ್ತುಹೋಗುತ್ತದೆ. ಬಿದಿರು ಹೂ ಬಿಟ್ಟರೆ ಬರಗಾಲ ಎಂದು ನಮ್ಮ ಹಿರಿಯರು ಹೆದರುತ್ತಿದ್ದರು. ಅಂದರೆ ನಿಜವಾದ ಬಿದಿರು ನಮ್ಮವರಿಗೆ ಅದೃಷ್ಟದ ಗುರುತಾಗಿರಲಿಲ್ಲ, ಬದುಕಿನ ಸಾಮಾನಾಗಿತ್ತು. ಮೊರ, ಬುಟ್ಟಿ, ಏಣಿ, ಗೊರಬು, ತೊಟ್ಟಿಲಿನಿಂದ ಹಿಡಿದು ಚಟ್ಟದವರೆಗೆ ಅದೇ. ಮೇದರ ಕುಲದವರ ಅನ್ನ ಅದು. ದಾಂಡೇಲಿ, ಭದ್ರಾವತಿಯ ಕಾರ್ಖಾನೆಗಳು ದಶಕಗಳ ಕಾಲ ಅದನ್ನೇ ಅರೆದು ಕಾಗದ ಮಾಡಿದವು.

ಬಿದಿರು ಯಾವುದು ಎಂಬ ಗೊಂದಲ ನಮಗೆ ಮಾತ್ರ ಅಲ್ಲ, ಸರಕಾರಕ್ಕೂ ಇತ್ತು. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತ್ತು. ಹುಲ್ಲನ್ನು ಮರ ಎಂದು ಕರೆದದ್ದರಿಂದ ರೈತ ತನ್ನ ಹಿತ್ತಲಿನ ಬಿದಿರನ್ನು ಕಡಿದು ಸಾಗಿಸುವುದಕ್ಕೂ ತೊಡಕು. 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಮರದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದರು. ತೊಂಬತ್ತು ವರ್ಷ ಹುಲ್ಲು ಮರವಾಗಿತ್ತು. ಹಾಗಿರುವಾಗ ಶತಾವರಿಯ ದಾಯಾದಿಯನ್ನು ಅಂಗಡಿಯವನು ಬಿದಿರು ಅಂತ ಮಾರಿದರೆ ಅವನನ್ನು ಏನೆನ್ನುವುದು?

ಹೆಸರಿನ ವಿಷಯ ಇಷ್ಟು ಎಳೆದದ್ದಕ್ಕೆ ಒಂದು ಕಾರಣ ಉಂಟು. ಬಿದಿರಿನ ಎಳೆ ಮೊಳಕೆಯನ್ನು ಮಲೆನಾಡಿನವರು ಕಳಲೆ ಎಂದು, ಕರಾವಳಿಯವರು ಕಣಿಲೆ ಎಂದು ತಿನ್ನುತ್ತಾರೆ. ಅದನ್ನೂ ಕೂಡಲೇ ತಿನ್ನುವಂತಿಲ್ಲ. ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಹಾಕಿ, ಅದರ ವಿಷ ಬಿಡಿಸಿ ಆಮೇಲೆ ಪಲ್ಯ. ಆದರೆ ಲಕ್ಕಿ ಬ್ಯಾಂಬೂವಿನ ಚಿಗುರನ್ನು ಎಷ್ಟು ನೆನೆಸಿದರೂ ಅದು ಕಣಿಲೆಯಾಗುವುದಿಲ್ಲ. ಡ್ರಸೀನಾದ ಎಲೆಗಳಲ್ಲಿ ಸಪೋನಿನ್ ಎಂಬ ವಸ್ತು ಇದೆ. ಬೆಕ್ಕು ನಾಯಿಗಳು ಅಗಿದರೆ ವಾಂತಿ ಮಾಡಿಕೊಳ್ಳುತ್ತವೆ. ಚಾಳಿನಲ್ಲಿ ಬೆಕ್ಕು ಸಾಕಿದವರು ಲೋಟವನ್ನು ಎತ್ತರದಲ್ಲಿಡುವುದು ಒಳ್ಳೆಯದು.

ನೀರು, ಬೆಳಕು, ಲೋಟ

ಕಾಡಿನಲ್ಲಿ ಮರದಡಿಯ ನೆರಳಿನ ಗಿಡ ಎಂದೆನಲ್ಲ. ಅದರ ಆರೈಕೆಯ ಎಲ್ಲ ಗುಟ್ಟೂ ಆ ಒಂದು ಮಾತಿನಲ್ಲಿದೆ. ನೇರವಾದ ಬಿಸಿಲು ಅದಕ್ಕೆ ಆಗುವುದಿಲ್ಲ, ಎಲೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ. ಪೂರ್ತಿ ಕತ್ತಲೂ ಆಗುವುದಿಲ್ಲ, ಗಿಡ ಸೊರಗಿ ಬಿಳಿಚಿಕೊಳ್ಳುತ್ತದೆ. ಪುಸ್ತಕ ಓದುವಷ್ಟು ಬೆಳಕಿರುವ, ಬಿಸಿಲು ಬೀಳದ ಜಾಗ ಸರಿ. ಎದುರು ಕಟ್ಟಡ ನಮ್ಮ ಕಿಟಕಿಯ ಸೂರ್ಯನನ್ನು ನುಂಗಿದೆ ಎಂದು ನಾವು ಗೊಣಗುತ್ತೇವೆ, ಈ ಗಿಡಕ್ಕೆ ಅದೇ ಅನುಕೂಲ. ಮುಂಬಯಿಯ ಸೆಕೆಯೂ ಥಂಡಿಗಾಳಿಯೂ ಅದಕ್ಕೆ ತವರಿನಂತೆಯೇ. ಎ.ಸಿ.ಯ ಗಾಳಿ ನೇರವಾಗಿ ತಾಗಬಾರದು ಅಷ್ಟೆ.

ನೀರಿನ ವಿಷಯ. ಬೇರು ಮುಳುಗುವಷ್ಟು ನೀರು ಸಾಕು, ಎರಡು ಮೂರು ಅಂಗುಲ. ಲೋಟದ ಕಂಠದವರೆಗೆ ತುಂಬಿಸುವವರಿದ್ದಾರೆ. ಹಾಗೆ ಮಾಡಿದರೆ ಕೋಲು ನೀರಿನಲ್ಲೇ ಕೊಳೆಯಲು ಶುರು. ನಮ್ಮ ನಳದ ನೀರು ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬಂದು, ಭಾಂಡುಪಿನಂಥ ಶುದ್ಧೀಕರಣ ಕೇಂದ್ರಗಳಲ್ಲಿ ಕ್ಲೋರಿನ್ ಬೆರೆಸಿಕೊಂಡು ಮನೆಗೆ ಬರುತ್ತದೆ. ಡ್ರಸೀನಾದ ಜಾತಿಗೆ ಕ್ಲೋರಿನ್, ಫ್ಲೋರೈಡ್, ಉಪ್ಪು ಇವುಗಳ ಮೇಲೆ ಸ್ವಲ್ಪ ಮುನಿಸು. ಎಲೆಯ ತುದಿ ಕಂದಾಗಿ ಒಣಗುವುದು ಇದರಿಂದಲೇ. ನಳದ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದು, ಮೇಲೆ ತೆಳುವಾದ ಬಟ್ಟೆ ಮುಚ್ಚಿ ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಬೋರ್‌ವೆಲ್ಲಿನ ಉಪ್ಪು ನೀರು ಬೇಡವೇ ಬೇಡ.

ಗೊಬ್ಬರ? ಬರೇ ನೀರಿನಲ್ಲಿ ಗಿಡ ಬದುಕುತ್ತದೆ, ಆದರೆ ನೀರಿನಲ್ಲಿ ಸತ್ವ ಎಷ್ಟಿದ್ದೀತು? ದ್ರವರೂಪದ ಗೊಬ್ಬರವನ್ನು ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಹಾಕಿ ಎರಡು ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು. ಪ್ರೀತಿ ಹೆಚ್ಚಾಗಿ ವಾರ ವಾರ ಗೊಬ್ಬರ ಹಾಕಿದರೆ ಎಲೆ ಹಳದಿಯಾಗುತ್ತದೆ. ಗಾಜಿನ ಲೋಟದಲ್ಲಿ ಪಾಚಿ ಕಟ್ಟುವುದು ನೀರಿಗೆ ಬೆಳಕು ತಾಗುವುದರಿಂದ. ಲೋಟದ ಸುತ್ತ ಒಂದು ಬಣ್ಣದ ಕಾಗದ ಸುತ್ತಿದರೆ ಪಾಚಿಯ ಉಪದ್ರ ಅರ್ಧ ಕಡಿಮೆ.

ಗಿಡ ಕ್ಷೇಮವಾಗಿದೆಯೋ ಇಲ್ಲವೋ ಎಂದು ತಿಳಿಯಲು ಬೇರು ನೋಡಬೇಕು. ಒಳ್ಳೆಯ ಬೇರಿನ ಬಣ್ಣ ಕಿತ್ತಳೆ ಅಥವಾ ಕೆಂಪು. ಕೆಲವರು ಆ ಕೆಂಪನ್ನು ಕಂಡು ರೋಗ ಎಂದು ಹೆದರುತ್ತಾರೆ. ಹೆದರಬೇಕಾದ್ದು ಕಪ್ಪಾಗಿ, ಮೆತ್ತಗಾಗಿ, ವಾಸನೆ ಬರುವ ಬೇರಿಗೆ. ಅಂಥ ಬೇರನ್ನು ಕತ್ತರಿಸಿ ತೆಗೆದು ಲೋಟ ತೊಳೆಯಬೇಕು. ಕೆಳಗಿನ ಒಂದೆರಡು ಎಲೆ ಹಳದಿಯಾದರೆ ಅದು ವಯಸ್ಸು, ಕಿತ್ತು ಬಿಸಾಡಿ. ಕೋಲೇ ಬುಡದಿಂದ ಹಳದಿಯಾಗಿ ಮೇಲೇರುತ್ತಿದ್ದರೆ ಮಾತ್ರ ಆ ಭಾಗ ಮತ್ತೆ ಹಸಿರಾಗುವುದಿಲ್ಲ. ಆಗ ಕೈಕಟ್ಟಿ ಕೂರದೆ ಹಳದಿಗಿಂತ ಮೇಲಿನ ಹಸಿರು ತುಂಡನ್ನು ಕತ್ತರಿಸಿ ಬೇರೆ ನೀರಿನಲ್ಲಿಡಬೇಕು. ಅದು ಹೇಗೆ ಎಂಬುದೇ ಮುಂದಿನ ಮಾತು.

ಒಂದರಿಂದ ನಾಲ್ಕು

ಅಂಗಡಿಯಲ್ಲಿ ಕೊಂಡ ಕೋಲುಗಳ ತಲೆಯ ಮೇಲೆ ಮೇಣ ಹಚ್ಚಿರುವುದನ್ನು ನೀವು ನೋಡಿರಬಹುದು. ಬೆಳೆಗಾರರು ಉದ್ದ ಗಿಡವನ್ನು ತುಂಡು ತುಂಡು ಮಾಡಿ, ಕತ್ತರಿಸಿದ ಬಾಯಿಯಿಂದ ನೀರು ಆವಿಯಾಗದಂತೆ, ಕೊಳೆ ಹತ್ತದಂತೆ ಮೇಣದಲ್ಲಿ ಅದ್ದಿರುತ್ತಾರೆ. ಅಂದರೆ ನಾವು ಕೊಂಡದ್ದೇ ಒಂದು ತುಂಡು. ಆ ತುಂಡಿಗೆ ಬೇರು ಬಂದದ್ದು ಹೇಗೋ, ನಮ್ಮ ತುಂಡಿಗೂ ಹಾಗೆಯೇ ಬರುತ್ತದೆ.

ಕೋಲಿನ ಪಕ್ಕದಿಂದ ಹೊರಟ ಚಿಗುರು ನಾಲ್ಕೈದು ಅಂಗುಲ ಬೆಳೆಯುವವರೆಗೆ ಕಾಯಬೇಕು. ಒಂದು ಹೊಸ ಬ್ಲೇಡನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ಕತ್ತರಿ ಕೋಲನ್ನು ಜಜ್ಜುತ್ತದೆ, ಬ್ಲೇಡೇ ಒಳ್ಳೆಯದು. ಚಿಗುರನ್ನು ತಾಯಿಕೋಲಿಗೆ ಅಂಟಿರುವ ಬುಡದಲ್ಲಿ ಕತ್ತರಿಸಿ. ಕೆಳಗಿನ ಎರಡು ಮೂರು ಎಲೆ ಸುಲಿದುಬಿಡಿ, ನೀರಿನಲ್ಲಿ ಎಲೆ ಮುಳುಗಿದರೆ ಕೊಳೆಯುತ್ತದೆ. ಬುಡ ಮಾತ್ರ ಮುಳುಗುವಂತೆ ನೀರಿನಲ್ಲಿ ನಿಲ್ಲಿಸಿ ನೆರಳಿನಲ್ಲಿಡಿ. ಮೂರು ನಾಲ್ಕು ವಾರಕ್ಕೆ ಬುಡದಲ್ಲಿ ಬಿಳಿ ಮೊಳಕೆ ಕಂಡು, ಬರಬರುತ್ತ ಕೆಂಪಾಗುತ್ತದೆ. ಕೆಲವು ಸೋಮಾರಿಗಳು ಎರಡು ತಿಂಗಳು ತೆಗೆದುಕೊಳ್ಳುವುದೂ ಉಂಟು. ಎಲೆ ಹಸಿರಾಗಿರುವವರೆಗೆ ಆಸೆ ಬಿಡಬಾರದು.

ಚಿಗುರಿಲ್ಲದ ಬೋಳು ಕೋಲಾದರೂ ಆಗುತ್ತದೆ. ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ ನಿಲ್ಲಿಸಿದರೆ ಗೆಣ್ಣಿನಿಂದ ಮೊಳಕೆ ಹೊರಡುತ್ತದೆ. ಒಂದೇ ಎಚ್ಚರ: ತಲೆ ಮೇಲೆ, ಬುಡ ಕೆಳಗೆ. ತುಂಡು ಮಾಡುವಾಗಲೇ ತಲೆಗೆ ಒಂದು ಗುರುತು ಹಾಕಿ. ಮೇಲಿನ ಬಾಯಿಗೆ ಮೇಣದಬತ್ತಿಯ ಎರಡು ಹನಿ ಬಿಡಿ, ಬಿಸಿ ಸ್ವಲ್ಪ ಆರಿದ ಮೇಲೆ. ತಾಯಿಕೋಲಿಗೂ ಹಾಗೆಯೇ.

ಕೆಳಗೆ ಬೇರು, ಮೇಲೆ ಚಿಗುರು ಎಂದು ಆ ತುಂಡಿಗೆ ಹೇಳಿಕೊಟ್ಟವರು ಯಾರು? ಇದರ ಉತ್ತರ ಆಕ್ಸಿನ್ ಎಂಬ ರಸ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜತೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಬೆಳಕು ಎಲ್ಲಿದೆ ಎಂದು ಮೊಳಕೆಯ ತುದಿಗೆ ತಿಳಿಯುತ್ತದೆ, ಆದರೆ ಬಾಗುವುದು ತುದಿಯ ಕೆಳಗಿನ ಭಾಗ, ಹಾಗಾದರೆ ತುದಿಯಿಂದ ಏನೋ ಒಂದು ಸುದ್ದಿ ಕೆಳಗೆ ಹೋಗುತ್ತಿರಬೇಕು ಎಂದು 1880ರಲ್ಲಿ ಬರೆದ. ಆ ಸುದ್ದಿಯ ರಸವನ್ನು 1920ರ ದಶಕದ ಕೊನೆಯಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಬೇರ್ಪಡಿಸಿ ತೋರಿಸಿದ. ಆಕ್ಸಿನ್ ಚಿಗುರಿನ ತುದಿಯಲ್ಲಿ ಹುಟ್ಟಿ ಕೆಳಮುಖವಾಗಿ ಹರಿಯುತ್ತದೆ. ಕೋಲನ್ನು ಕತ್ತರಿಸಿದಾಗ ಕೆಳಗೆ ಹೋಗಲು ದಾರಿಯಿಲ್ಲದೆ ಕತ್ತರಿಸಿದ ಬುಡದಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿನ ಜೀವಕೋಶಗಳಿಗೆ ಬೇರು ಬಿಡಿ ಎಂದು ಅಪ್ಪಣೆಯಾದಂತೆ. ಇತ್ತ ತಾಯಿಕೋಲಿನ ಕತೆ ಬೇರೆ. ತುದಿಯಿಂದ ಇಳಿಯುವ ಆಕ್ಸಿನ್ ಕೆಳಗಿನ ಗೆಣ್ಣುಗಳ ಮೊಗ್ಗನ್ನು ತಡೆದಿಟ್ಟಿರುತ್ತದೆ. ತುದಿ ಹೋದೊಡನೆ ಆ ತಡೆ ತಪ್ಪಿ, ಅಷ್ಟು ದಿನ ಮಲಗಿದ್ದ ಮೊಗ್ಗುಗಳು ಎದ್ದು ಹೊರಡುತ್ತವೆ. ಹೀಗೆ ಒಂದು ಕೊಯ್ತದಿಂದ ಎರಡು ಲಾಭ.

ಸುರುಳಿ ಸುರುಳಿಯಾದ ಕೋಲುಗಳ ಗುಟ್ಟೂ ಇದೇ. ಅದು ಬೇರೆ ಜಾತಿ ಅಲ್ಲ, ಯಾರೂ ಕೈಯಿಂದ ತಿರುಚಿದ್ದೂ ಅಲ್ಲ. ಬೆಳಕು ಒಂದೇ ಕಡೆಯಿಂದ ಬಂದರೆ ಆಕ್ಸಿನ್ ನೆರಳಿನ ಬದಿಗೆ ಸರಿಯುತ್ತದೆ, ಆ ಬದಿಯ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಗಿಡ ಬೆಳಕಿನತ್ತ ಬಾಗುತ್ತದೆ. ಬೆಳೆಗಾರ ಗಿಡವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗುತ್ತಾನೆ, ಗಿಡ ಬೆಳಕನ್ನು ಹುಡುಕುತ್ತ ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ತಿಂಗಳುಗಟ್ಟಲೆ ಬೇಕು. ಮನೆಯಲ್ಲಿ ಮಾಡಿ ನೋಡಬಯಸುವವರು ಒಂದು ಬದಿ ಮಾತ್ರ ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ ಗಿಡ ಇಟ್ಟು ವಾರಕ್ಕೊಮ್ಮೆ ಒಂದಿಷ್ಟು ತಿರುಗಿಸಿ. ಡಿಗ್ರಿ ಮುಗಿಯುವ ಹೊತ್ತಿಗೆ ಒಂದೆರಡು ಸುತ್ತು ಬಂದೀತು.

ಲೋಟದಲ್ಲಿ ಹುಟ್ಟುವ ಇನ್ನೊಂದು ಜೀವ

ಈಗ ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಎರಡನೇ ಮಾಳಿಗೆಯ ಹುಡುಗನೊಬ್ಬನಿಗೆ ಡೆಂಗ್ಯೂ ಬಂತು. ಹನ್ನೊಂದು ವರ್ಷದ ಹುಡುಗ. ಪ್ಲೇಟ್‌ಲೆಟ್ ಇಳಿದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ. ಅವನ ಅಪ್ಪ ಹೋಟೆಲಿನಲ್ಲಿ ದುಡಿಯುವವರು. ಹುಡುಗ ಬದುಕಿ ಬಂದ, ಆದರೆ ಆ ಮನೆಯ ಉಳಿತಾಯ ಪೂರ್ತಿ ಕರಗಿತು. ಆಮೇಲೆ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದವರು ಬಂದು ಟಾರ್ಚ್ ಹಿಡಿದು ಮನೆ ಮನೆ ಹುಡುಕಿದರು. ಟಾಕಿಯಲ್ಲಿ ಏನೂ ಇರಲಿಲ್ಲ, ಗಟಾರದಲ್ಲೂ ಸಿಗಲಿಲ್ಲ. ಸೊಳ್ಳೆಯ ಮರಿಹುಳುಗಳು ಸಿಕ್ಕಿದ್ದು ಮೂರನೇ ಮಾಳಿಗೆಯ ಒಂದು ಮನೆಯ ಲಕ್ಕಿ ಬ್ಯಾಂಬೂ ಲೋಟದಲ್ಲಿ.

ಮರುದಿನವೇ ಸೊಸೈಟಿಯ ನೋಟೀಸು: ನೀರಿನಲ್ಲಿಟ್ಟ ಎಲ್ಲ ಗಿಡಗಳನ್ನೂ ಎಸೆಯತಕ್ಕದ್ದು. ಸೆಕ್ರೆಟರಿ ಕಾಕಾ ತಾವೇ ಬಾಗಿಲು ಬಾಗಿಲಿಗೆ ಬಂದು ಹೇಳಿದರು. ನಮ್ಮ ಪಕ್ಕದ ಖೋಲಿಯ ದೊಡ್ಡಮ್ಮ ಕುಂದಾಪುರದ ಕಡೆಯವರು. ಅವರ ಕಿಟಕಿಯ ಗಿಡ ಮಗಳು ತನ್ನ ಮೊದಲ ಸಂಬಳದಲ್ಲಿ ತಂದುಕೊಟ್ಟದ್ದು. ಮಗಳು ಈಗ ಮದುವೆಯಾಗಿ ದೂರದಲ್ಲಿದ್ದಾಳೆ.

"ಎಂಥ ಮಗಾ, ಇದನ್ನು ಬಿಸಾಡ್ಬೇಕಂತೆ. ಈ ಕೋಲು ಎಂಥ ಮಾಡಿತು ಯಾರಿಗೆ?" ಎಂದು ಅವರು ಕೇಳಿದರು.

"ಕೋಲು ಏನೂ ಮಾಡಲಿಲ್ಲ ದೊಡ್ಡಮ್ಮ. ಗಿಡ ಬಿಸಾಡುವುದು ಬೇಡ, ನೀರು ಬಿಸಾಡಿದರೆ ಸಾಕು" ಎಂದೆ. ಸೆಕ್ರೆಟರಿ ಕಾಕಾರಿಗೂ ಅದನ್ನೇ ಹೇಳಿದೆ. ಅವರು ಒಪ್ಪುವಂತೆ ವಿವರಿಸಬೇಕಾಯಿತು. ಆ ವಿವರ ಹೀಗಿದೆ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ನೀರು ಬೇಡ. ಅದಕ್ಕೆ ಬೇಕಾದ್ದು ನಮ್ಮ ಲೋಟದಲ್ಲಿರುವಂಥ, ಅಲುಗಾಡದ, ತಿಳಿಯಾದ ಸ್ವಲ್ಪ ನೀರು. ಮುಂಬಯಿಯ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಸೊಳ್ಳೆಯೂ ಚೊಕ್ಕ ನೀರನ್ನೇ ಹುಡುಕುವಂಥದ್ದು. ಈಡಿಸ್ ಹಗಲು ಹೊತ್ತು ಕಚ್ಚುತ್ತದೆ, ಬಹಳ ದೂರ ಹಾರುವುದಿಲ್ಲ. ಆದ್ದರಿಂದ ನಮ್ಮನ್ನು ಕಚ್ಚಿದ ಸೊಳ್ಳೆ ನಮ್ಮ ಕಟ್ಟಡದಲ್ಲೋ ಪಕ್ಕದ ಕಟ್ಟಡದಲ್ಲೋ ಹುಟ್ಟಿದ್ದಿರಬೇಕು. ನಮ್ಮ ಸೆಕೆಯಲ್ಲಿ ಮೊಟ್ಟೆ ಒಡೆದು, ಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಎಂಟು ಹತ್ತು ದಿನ ಸಾಕು. ಆದ್ದರಿಂದ ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಹುಳುವಿಗೆ ರೆಕ್ಕೆ ಬರುವ ಮೊದಲೇ ಅದರ ಮನೆ ಬರಿದಾಗುತ್ತದೆ. ಲೆಕ್ಕ ಇಷ್ಟು ಸರಳ.

ಆದರೆ ಚೆಲ್ಲುವುದು ಮಾತ್ರ ಸಾಲದು. ಈಡಿಸ್ ತನ್ನ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ. ನೀರಿನ ಗೆರೆಯಿಂದ ಸ್ವಲ್ಪ ಮೇಲೆ, ಲೋಟದ ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ಲೋಟದ ಒಳಗೋಡೆಯನ್ನು, ಕೋಲಿನ ಸುತ್ತಲನ್ನು, ಬೆಣಚುಕಲ್ಲುಗಳನ್ನು ಪಾತ್ರೆ ತೊಳೆಯುವ ನಾರಿನಿಂದ ಉಜ್ಜಿ ತೊಳೆಯಬೇಕು. ಹಳೆಯ ನೀರನ್ನು ಮೋರಿಗೆ ಹೊಯ್ಯಬೇಡಿ, ತುಳಸಿಯ ಕುಂಡದ ಮಣ್ಣಿಗೆ ಹೊಯ್ಯಿರಿ. ಹುಳುಗಳು ಮಣ್ಣಿನಲ್ಲಿ ಸಾಯುತ್ತವೆ, ನೀರೂ ದಂಡವಾಗುವುದಿಲ್ಲ. ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟಿನ ಬಾಟ್ಲಿ ಇವಕ್ಕೂ ಅದೇ ನಿಯಮ.

ಇದು ನಮ್ಮ ಕಟ್ಟಡವೊಂದರ ಗೋಳಲ್ಲ. 2001ರಲ್ಲಿ ಚೀನಾದಿಂದ ಹಡಗಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬಂದ ಲಕ್ಕಿ ಬ್ಯಾಂಬೂ ಪೆಟ್ಟಿಗೆಗಳಿಂದ ಈಡಿಸ್ ಆಲ್ಬೊಪಿಕ್ಟಸ್ ಎಂಬ ಹುಲಿಪಟ್ಟೆಯ ಸೊಳ್ಳೆಗಳು ಹಾರಿಬಂದವು. ಪ್ರಯಾಣದಲ್ಲಿ ಗಿಡ ಬಾಡಬಾರದು ಎಂದು ಬುಡದಲ್ಲಿ ಎರಡು ಮೂರು ಅಂಗುಲ ನೀರು ನಿಲ್ಲಿಸಿದ್ದರು, ಅದರಲ್ಲಿ ಸೊಳ್ಳೆಯೂ ಟಿಕೀಟಿಲ್ಲದೆ ಪ್ರಯಾಣ ಮಾಡಿತು. ಆಮೇಲೆ ನಿಂತ ನೀರಿನಲ್ಲಿಟ್ಟು ಈ ಗಿಡ ತರಕೂಡದು ಎಂದು ಅಲ್ಲಿನ ಸರಕಾರ ಕಟ್ಟಪ್ಪಣೆ ಮಾಡಿತು. ಗಿಡ ತರಬೇಡಿ ಎನ್ನಲಿಲ್ಲ, ನೀರಿನಲ್ಲಿ ತರಬೇಡಿ ಎಂದಿತು. ಈ ಮಾತನ್ನು ಹೇಳಿದ ಮೇಲೆ ಸೆಕ್ರೆಟರಿ ಕಾಕಾ ಸ್ವಲ್ಪ ಮೆತ್ತಗಾದರು.

ಇನ್ನೊಂದು ಸಂಗತಿ ನಮ್ಮ ನಾಡಿಗೇ ಸೇರಿದ್ದು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕಿಂತ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದ. ತನ್ನ ಮನೆಯಲ್ಲಿ ಸೊಳ್ಳೆ ಯಾಕೆ ಹೆಚ್ಚು ಎಂದು ನೋಡಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುವುದನ್ನು ಕಂಡ. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾಯಿತು. ಮುಂದೆ 1902ರಲ್ಲಿ ನೊಬೆಲ್ ಬಹುಮಾನ ಪಡೆದವನಿಗೆ ಸೊಳ್ಳೆಯ ಮೊದಲ ಪಾಠ ಸಿಕ್ಕಿದ್ದು ಬೆಂಗಳೂರಿನ ಒಂದು ತೊಟ್ಟಿಯಿಂದ. ಊರಿನಲ್ಲಿ ಅಡಕೆ ತೋಟದ ಹಾಳೆ, ತೆಂಗಿನ ಗೆರಟೆ, ಕಡಿದ ನಿಜವಾದ ಬಿದಿರಿನ ಬುಡದ ಟೊಳ್ಳು ಇವುಗಳಲ್ಲಿ ನಿಂತ ಮಳೆನೀರಿನಲ್ಲೂ ಇದೇ ಕತೆ. ಬಿದಿರು ಅಸಲಿಯಾಗಲಿ ನಕಲಿಯಾಗಲಿ, ನಮ್ಮ ಕಡೆ ನುಸಿ ಎನ್ನುವ ಈ ಪ್ರಾಣಿಗೆ ಭೇದವಿಲ್ಲ.

ವಾರವಾರ ತೊಳೆಯಲು ಪುರುಸೊತ್ತಿಲ್ಲ ಎನ್ನುವವರಿಗೆ, ಊರಿಗೆ ಹೋಗಿ ತಿಂಗಳು ಕೂರುವವರಿಗೆ ಇನ್ನೂ ಒಳ್ಳೆಯ ದಾರಿ ಉಂಟು: ಗಿಡವನ್ನು ಮಣ್ಣಿಗೆ ಹಾಕಿಬಿಡುವುದು. ಅಡಿಯಲ್ಲಿ ತೂತಿರುವ ಕುಂಡದಲ್ಲಿ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು, ಒಂದು ಮುಷ್ಟಿ ಹಳೆಯ ಗೊಬ್ಬರ ಬೆರೆಸಿ ನೆಡಿ. ಮೊದಲ ಎರಡು ವಾರ ಮಣ್ಣು ಒದ್ದೆಯಾಗಿರಲಿ, ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಕಾಡಿನಲ್ಲಿ ಅದು ಮಣ್ಣಿನ ಗಿಡವೇ ಅಲ್ಲವೆ? ಮಣ್ಣಿನಲ್ಲಿ ಅದು ಲೋಟಕ್ಕಿಂತ ಗಟ್ಟಿಯಾಗಿ, ಹೆಚ್ಚು ವರ್ಷ ಬಾಳುತ್ತದೆ. ದೊಡ್ಡಮ್ಮ ಹಾಗೆಯೇ ಮಾಡಿದರು. ನೋಟೀಸಿನಲ್ಲಿ 'ಎಸೆಯತಕ್ಕದ್ದು' ಇದ್ದ ಕಡೆ 'ಪ್ರತಿ ಆದಿತ್ಯವಾರ ನೀರು ಚೆಲ್ಲಿ ಉಜ್ಜತಕ್ಕದ್ದು ಅಥವಾ ಮಣ್ಣಿಗೆ ಹಾಕತಕ್ಕದ್ದು' ಎಂದು ತಿದ್ದುಪಡಿಯಾಯಿತು. ಆ ಮೂರನೇ ಮಾಳಿಗೆಯ ಮನೆಯವರೊಡನೆ ಮಾತು ಬಿಟ್ಟಿದ್ದ ಹುಡುಗನ ತಾಯಿ ಈಗ ಮತ್ತೆ ಮಾತಾಡುತ್ತಾರೆ. ಅವರಿಬ್ಬರೇ ಆದಿತ್ಯವಾರ ಎಲ್ಲರ ಬಾಗಿಲು ತಟ್ಟಿ ನೆನಪು ಮಾಡುವವರು.

ಅದೃಷ್ಟದ ಲೆಕ್ಕ

ಅಂಗಡಿಯವರು ಹೇಳುವ ಇನ್ನೆರಡು ಮಾತುಗಳನ್ನು ನೋಡಿ ಮುಗಿಸುತ್ತೇನೆ. ಒಂದು, ಈ ಗಿಡ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬುದು. ಇದರ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಪರೀಕ್ಷೆ. ಅದರಲ್ಲಿ ಡ್ರಸೀನಾ ಜಾತಿಯ ಕೆಲವು ಗಿಡಗಳೂ ಇದ್ದವು. ಆದರೆ ಆ ಪರೀಕ್ಷೆ ನಡೆದದ್ದು ಗಾಳಿಯಾಡದ ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ. ಇಂಥ ಪರೀಕ್ಷೆಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದವರು, ಕಿಟಕಿ ತೆರೆದರೆ ಆಗುವಷ್ಟು ಗಾಳಿ ಗಿಡಗಳಿಂದ ಶುದ್ಧವಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾದೀತು ಎಂದರು. ನಮ್ಮ ಖೋಲಿಯಲ್ಲಿ ಅಷ್ಟು ಗಿಡ ಇಟ್ಟರೆ ನಾವು ಹೊರಗೆ ಮಲಗಬೇಕು. ಘಾಟ್ಕೋಪರಿನ ಹೊಗೆಗೆ ಮೂರು ಕೋಲು ಮದ್ದಲ್ಲ.

ಎರಡು, ಕೋಲುಗಳ ಸಂಖ್ಯೆ. ಎರಡು ಪ್ರೀತಿಗೆ, ಮೂರು ಸುಖಕ್ಕೆ, ಎಂಟು ಸಂಪತ್ತಿಗೆ, ನಾಲ್ಕು ಮಾತ್ರ ಬೇಡ ಎನ್ನುತ್ತಾರೆ. ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಶಬ್ದ ಸಾವು ಎಂಬ ಶಬ್ದದಂತೆ ಕೇಳುತ್ತದೆ. ಎಂಟರ ಉಚ್ಚಾರ ಏಳಿಗೆಯ ಮಾತಿಗೆ ಹತ್ತಿರ. ಹಾಗಾದರೆ ಇದು ಗಿಡದ ಗುಣವಲ್ಲ, ಭಾಷೆಯ ಆಟ. ಕನ್ನಡದಲ್ಲಿ ನಾಲ್ಕಕ್ಕೆ ಅಂಥ ದೋಷ ಯಾವುದೂ ಇಲ್ಲ. 'ನಾಲ್ಕು ಜನ ಏನೆಂದಾರು', 'ನಾಲ್ಕು ಕಾಸು ಸಂಪಾದಿಸು', 'ನಾಲ್ಕು ಅಕ್ಷರ ಕಲಿ' ಎನ್ನುವ ನಮಗೆ ನಾಲ್ಕು ಎಂದರೆ ಮರ್ಯಾದೆಯ ಬದುಕಿಗೆ ಬೇಕಾದಷ್ಟು ಎಂದರ್ಥ. ಮದುವೆಯ ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಇಡುವ ನಾವು ಅವರ ನಂಬಿಕೆಯನ್ನು ನಗುವುದೂ ಬೇಡ, ಹೊರುವುದೂ ಬೇಡ. ಕನ್ನಡ ಮನೆಯಲ್ಲಿ ನಾಲ್ಕು ಕೋಲು ಧೈರ್ಯವಾಗಿ ಇಡಬಹುದು.

ಸಂಘದ ಕೋಣೆಯ ಕಿಟಕಿಯಲ್ಲಿ, ಬೆಳಕು ಬಂದು ಬಿಸಿಲು ಬೀಳದ ಮೂಲೆಯಲ್ಲಿ, ಹನ್ನೆರಡು ಚಿಗುರುಗಳನ್ನು ನೀರಿನಲ್ಲಿ ಇಟ್ಟಿದ್ದೇನೆ. ಏಳಕ್ಕೆ ಬೇರು ಬಂದಿದೆ, ಐದಕ್ಕೆ ಬರಬೇಕು. ಬೇಕಾದವರು ಒಂದೊಂದು ತೆಗೆದುಕೊಂಡು ಹೋಗಬಹುದು, ಕಾಸು ಕೊಡುವುದು ಬೇಡ. ಪಕ್ಕದಲ್ಲಿ ಒಂದು ನೋಟುಬುಕ್ಕು ಇದೆ, ಅದರಲ್ಲಿ ಹೆಸರು ಬರೆದು, ವಾರದ ಯಾವ ದಿನ ಲೋಟ ಉಜ್ಜುತ್ತೀರಿ ಎಂದು ಎದುರಿಗೆ ಬರೆಯಬೇಕು. ಶನಿವಾರ ಸಂಘದ ಲೋಟಗಳನ್ನು ತೊಳೆಯುವ ಪಾಳಿಗೆ ಇನ್ನೂ ಇಬ್ಬರು ಬೇಕಾಗಿದ್ದಾರೆ.